ಬಳೆಗಾರ ಪ್ರೊಫೆಸರ್

ಪ್ರೊಫೆಸರ್ ಶರೀಫರು ನಡೆಯುವಾಗ ಎಡಕ್ಕೆ ವಾಲುತ್ತಿದ್ದರು. ಮೊದಲ ಸಲ ನೋಡಿದವರು ಕಾಲಿನಲ್ಲೇನೋ ಊನವಿರಬೇಕೆಂದು ಮರುಗುತ್ತಿದ್ದರು. ಕಾಲುಗಳು ನೆಟ್ಟಗೇ ಇದ್ದವು, ವಾಲಿದ್ದು ಹೆಗಲು. ವಿಜಾಪುರ ಸೀಮೆಯ ಊರೂರು ಓಣಿಗಳಲ್ಲಿ, ದಾರಕ್ಕೆ ಪೋಣಿಸಿದ ಬಳೆಗಳ ಮಲಾರವನ್ನು ಹೊತ್ತು ಬೆಳೆದ ಆ ಎಡ ಹೆಗಲು, ಅವರು ಮುಂಬಯಿಗೆ ಬಂದು, ವಡಾಲದ ಮಾರ್ಕೆಟ್ಟಿನ ಮೂಲೆಯಲ್ಲಿ ಅಂಗಡಿ ಹೂಡಿ, ಮಲಾರವನ್ನು ಗೋಡೆಯ ಮೊಳೆಗೆ ತೂಗುಹಾಕಿ ಎಷ್ಟೋ ವರ್ಷಗಳು ಸಂದ ಮೇಲೂ, ಇಲ್ಲದ ಭಾರಕ್ಕೆ ವಿಧೇಯವಾಗಿ ಬಾಗಿಯೇ ಇತ್ತು. ವಾರವೆಲ್ಲ ಅವರು ಬಳೆಗಾರ ಶರೀಫ. ಶನಿವಾರ ಸಂಜೆ, ಯಾವುದಾದರೊಂದು ಕನ್ನಡ ಸಂಘದ ವೇದಿಕೆಯ ಮೇಲೆ, ಮನೋವಿದ್ಯಾ ಪ್ರವೀಣ ಪ್ರೊಫೆಸರ್ ಶರೀಫ. ಆ ಪದವಿಯನ್ನು ಕೊಟ್ಟ ವಿಶ್ವವಿದ್ಯಾಲಯ ಯಾವುದೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, "ಹ್ಯಾಂಡ್‌ಬಿಲ್ ಛಾಪಿಸಿದಾಂವ ಕೊಟ್ಟಾನ್ರಿ" ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡುತ್ತಿದ್ದರು.

ವೇದಿಕೆಗೆಂದೇ ಅವರಿಗೊಂದು ಕರಿಯ ಕೋಟಿತ್ತು. ಅದು ಮೊದಲು ಮದುವೆ ಮೆರವಣಿಗೆಯ ಬ್ಯಾಂಡ್ ಮಾಸ್ತರನೊಬ್ಬನ ಮೈಮೇಲೆ ಮೆರೆದದ್ದು. ಹಳೇ ಬಟ್ಟೆಯ ಬಜಾರಿನಿಂದ ಅದು ಮನೆಗೆ ಬಂದ ದಿನವೇ ಹೆಂಡತಿ ಸುಗರಾ ಕೂತು ಜರಿಯನ್ನೆಲ್ಲ ಬಿಚ್ಚಿ ತೆಗೆದಿದ್ದಳು. ತೆಗೆದರೂ ಎದೆಯ ಮೇಲೆ ಜರಿಬಳ್ಳಿಗಳ ಗುರುತು ಉಳಿದೇ ಇತ್ತು. ಮಾಸ್ತರ ಆಜಾನುಬಾಹುವಾಗಿದ್ದಿರಬೇಕು. ತೋಳುಗಳು ಶರೀಫರ ಬೆರಳ ತುದಿಯನ್ನೂ ದಾಟಿ ಇಳಿಯುತ್ತಿದ್ದವು. ಕತ್ತರಿಸಿ ಕೊಡುತ್ತೇನೆಂದು ಸುಗರಾ ಎಷ್ಟು ಹೇಳಿದರೂ ಅವರು ಒಪ್ಪಿರಲಿಲ್ಲ; ಏಕೆಂದರೆ ಆ ಉದ್ದ ತೋಳನ್ನು ನಿಧಾನವಾಗಿ, ಮಡಿಕೆ ಮಡಿಕೆಯಾಗಿ ಮೊಣಕೈವರೆಗೆ ಏರಿಸುವುದೇ ಅವರ ಆಟದ ನಾಂದಿ. ಅಷ್ಟು ಹೊತ್ತಿಗೆ ಸಭೆ ಗಪ್‌ಚಿಪ್. ಆಮೇಲೆ ಬಿಳಿಯ ಕರವಸ್ತ್ರದಿಂದ ಎರಡೂ ಅಂಗೈ ಒರೆಸಿಕೊಂಡು ಅವರು ಹೇಳುವರು: "ನನಗ ಮಾಟ ಬರೂದಿಲ್ರಿ, ಮಂತ್ರ ಬರೂದಿಲ್ಲ. ದೇವರು ನನ್ನ ಕಿವ್ಯಾಗ ಏನೂ ಊದಿಲ್ಲ. ನನಗ ಕೈ ಹಿಡಿಯಾಕ ಬರ್ತದ, ಅಷ್ಟ."

ಅಷ್ಟೇ ಎಂದರೆ ಅಷ್ಟೇ. ಅವರನ್ನು ಸಭಾಗೃಹದಿಂದ ಹೊರಗೆ ಕಳಿಸಿ, ಇಬ್ಬರನ್ನು ಕಾವಲಿಗೆ ನಿಲ್ಲಿಸಿ, ಒಳಗೆ ಯಾರಾದರೊಬ್ಬರು ಒಂದು ಸಣ್ಣ ವಸ್ತುವನ್ನು ಎಲ್ಲಾದರೂ ಬಚ್ಚಿಡಬೇಕು. ಯಾರದೋ ಜಡೆಯ ಹೂವಿನೊಳಗೆ ಸೂಜಿ, ಹಾರ್ಮೋನಿಯಮ್ಮಿನ ತಳದಲ್ಲಿ ನಾಣ್ಯ, ಮುದುಕರೊಬ್ಬರ ಕನ್ನಡಕದ ಡಬ್ಬಿಯಲ್ಲಿ ಕೀಲಿಕೈ. ಆಮೇಲೆ ಶರೀಫರು ಕಣ್ಣು ಕಟ್ಟಿಕೊಂಡು ಒಳಗೆ ಬರುವರು. ಬಚ್ಚಿಟ್ಟವರ ಮಣಿಕಟ್ಟನ್ನು ಎರಡು ಬೆರಳಿಂದ ಹಿಡಿದು, ಅರ್ಧ ಹೆಜ್ಜೆ ಹಿಂದೆ ನಿಂತು, "ಜಾಗಾ ಮನಸಿನ್ಯಾಗ ನೆನೀರಿ, ಬಾಯಿಂದ ಏನೂ ಅನಬ್ಯಾಡ್ರಿ" ಎನ್ನುವರು. ಸಭೆಯ ಉದ್ದಗಲಕ್ಕೆ ಎಡಕ್ಕೆ ವಾಲುತ್ತ, ನಿಲ್ಲುತ್ತ, ತಿರುಗುತ್ತ ಹೋಗಿ ಅವರು ಕೈಯಿಟ್ಟರೆಂದರೆ ವಸ್ತು ಅಲ್ಲೇ ಇರಬೇಕು. ಇರುತ್ತಿತ್ತು.

ವಿನೋದಿನಿ ಆ ಆಟವನ್ನು ಮೊದಲು ನೋಡಿದ್ದು ಅರವತ್ತೊಂಬತ್ತರಲ್ಲಿ, ವಡಾಲದ ಸಂಘದ ನಾಡಹಬ್ಬದ ದಿನ. ಶರೀಫರ ಅಂಗಡಿಯ ಎದುರಿಗೇ ಉಡುಪಿ ಹೋಟೆಲು ನಡೆಸುತ್ತಿದ್ದ ಅಣ್ಣು ಕೋಟ್ಯಾನರ ಒಬ್ಬಳೇ ಮಗಳು ಅವಳು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಆಗಷ್ಟೇ ಟೀಚರಾಗಿದ್ದಳು. ಅವಳನ್ನು ಬೆರಗುಗೊಳಿಸಿದ್ದು ಸೂಜಿ ಸಿಕ್ಕಿದ್ದಲ್ಲ. ವೇದಿಕೆ ಎಂದರೆ ಮೂರು ಮಾರು ದೂರ ಸರಿಯುವ ಹೆಂಗಸರು, ಗಂಡನ ಹೆಸರು ಹೇಳಲಿಕ್ಕೂ ನಾಚುವವರು, ಆ ದಿನ ನಾ ಮುಂದು ತಾ ಮುಂದು ಎಂದು ಹೋಗಿ ಪರಗಂಡಸಿನ ಮುಂದೆ ಕೈ ಚಾಚಿದ್ದು! ಮನೆಗೆ ಬಂದು ತಾಯಿ ವಾರಿಜಾಳನ್ನು ಕೇಳಿದರೆ ಅವಳಿಗೆ ಇದೊಂದು ಪ್ರಶ್ನೆಯೇ ಅಲ್ಲ. "ಬಳೆಗಾರ ಅಲ್ವಾ? ಬಳೆಗಾರನಿಗೆ ಕೈ ಕೊಡ್ಲಿಕ್ಕೆ ಎಂತ ನಾಚಿಕೆ? ತವರಿನ ಜನ ಅವ್ರು," ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಶರೀಫರ ವಿದ್ಯೆಯ ಬೇರೂ ಅಲ್ಲೇ ಇತ್ತು. ಅವರ ತಾಯಿ ರಹೀಮಾ ಊರೂರು ತಿರುಗಿ ಬಳೆ ಇಡುತ್ತಿದ್ದವಳು. ಯಾವುದೋ ಮನೆಯ ಅತ್ತೆ ಎದುರಿಗೆ ಕೂತು, "ಹಸರ ಬಳಿ ಇಡು ನಮ್ಮ ಸೊಸಿಗೆ" ಎನ್ನುವಳು. ಸೊಸೆ ತಲೆ ತಗ್ಗಿಸಿ ಹೂಂ ಎನ್ನುವಳು. ಆದರೆ ರಹೀಮಾಳ ಬೆರಳುಗಳ ನಡುವೆ ಆ ಹುಡುಗಿಯ ಕೈ ಕೆಂಪು ಬಳೆಯ ಕಡೆಗೆ ಕೂದಲೆಳೆಯಷ್ಟು ಜರುಗುತ್ತಿತ್ತು. "ಹಸರ ಸೈಜಿಲ್ರೀ ಯಕ್ಕಾ, ಕೆಂಪಿಂದ ಅದ" ಎಂದು ರಹೀಮಾ ನಿರ್ವಿಕಾರಚಿತ್ತಳಾಗಿ ಸುಳ್ಳು ಹೇಳಿ ಕೆಂಪು ಬಳೆ ಇಟ್ಟು ಎದ್ದು ಬರುವಳು. ಪಕ್ಕದಲ್ಲಿ ಮಲಾರ ಹಿಡಿದು ನಿಂತು ಶರೀಫರು ಕಲಿತ ಮನಶ್ಶಾಸ್ತ್ರವೆಲ್ಲ ಇಷ್ಟೇ. ಬಳೆ ಇಡುವಾಗ ಹೇಳುವ ಒಂದು ಮಾತೂ ಅದರ ಜೊತೆಗೇ ಅವರ ನಾಲಿಗೆಗೆ ಅಂಟಿಕೊಂಡು ಬಂದಿತ್ತು: "ಸಡಿಲ ಬಿಡ್ರಿ." ಅದನ್ನು ಅವರು ಬಳೆಗೆ ಕೈ ಕೊಟ್ಟವರಿಗಷ್ಟೇ ಹೇಳುತ್ತಿರಲಿಲ್ಲ. ಲೋಕಲ್ಲಿನ ಬಾಗಿಲಲ್ಲಿ ಜಗಳಕ್ಕೆ ನಿಂತವರಿಗೆ, ಟಿಕೇಟು ಕೇಳುವವನಿಗೆ, ಮೈಕು ಕೆಟ್ಟಿತೆಂದು ಬೆವರುವ ಸಂಘದ ಕಾರ್ಯದರ್ಶಿಗೆ, ಹಾಲು ಉಕ್ಕಿತೆಂದು ಚೀರುವ ಸುಗರಾಳಿಗೆ ಕೂಡ ಅದೇ ಮಂತ್ರ. ಸುಗರಾ ಮಾತ್ರ, "ಮೈ ಸಡಿಲ ಬಿಟ್ಟೆ ಅಂದ್ರ ನಿಮ್ಮ ಮನಿ ನಡದಂಗ!" ಎಂದು ಸೌಟು ಎತ್ತುತ್ತಿದ್ದಳು.

ಅವರನ್ನು ಏಮಾರಿಸಲು ಹೋದವರ ಕಥೆಗಳು ಹತ್ತಾರಿವೆ. ಕಾಂದಿವಲಿಯ ಕಾರ್ಖಾನೆಯೊಂದರ ವಾರ್ಷಿಕೋತ್ಸವ. ಸೆಖೆಯೆಂದು ಇವರು ಕೋಟು ಕಳಚಿಟ್ಟು ಹೊರಗೆ ಹೋಗಿದ್ದಾರೆ. ಮ್ಯಾನೇಜರು ಮಹಾಶಯನಿಗೆ ತುಂಟತನ ಹೊಳೆಯಿತು. ಕಪಾಟಿನ ಕೀಲಿಯನ್ನು ಆ ಕೋಟಿನ ಕಿಸೆಗೇ ಇಳಿಬಿಟ್ಟು, ಇವರು ಬಂದಾಗ ಬಹು ಗೌರವದಿಂದ ಅದನ್ನು ತಾನೇ ತೊಡಿಸಿದ. ಆಮೇಲೆ ಶುರುವಾಯಿತು ಪ್ರದಕ್ಷಿಣೆ. ಸಭೆಗೆ ಒಂದು ಸುತ್ತು, ಎರಡು ಸುತ್ತು. ಎಲ್ಲಿ ಹೋದರೂ ಮ್ಯಾನೇಜರ ಕೈ ಮತ್ತೆ ಇವರ ಕಡೆಗೇ. ಕೊನೆಗೆ ಶರೀಫರು ನಟ್ಟನಡುವೆ ನಿಂತು, ಕಣ್ಣು ಕಟ್ಟಿದ ಮುಖವನ್ನು ಮೇಲೆತ್ತಿ, "ಅಯ್ಯಯ್ಯ! ಈ ಕೈ ನಾನ ಕಳ್ಳ ಅಂತದಲ್ರಿ!" ಎಂದು ತಮ್ಮ ಕಿಸೆಗೆ ತಾವೇ ಕೈ ಹಾಕಿದಾಗ ಕಾರ್ಖಾನೆಯ ತಗಡಿನ ಮಾಡು ಹಾರಿಹೋಗುವಂಥ ನಗು. ಇನ್ನೊಬ್ಬರು ಅಂಗಡಿಗೇ ಬಂದು, ಕುರ್ಲಾದ ಹತ್ತಿರ ಲೋಕಲ್ಲಿನಲ್ಲಿ ಕಳೆದ ಛತ್ರಿಯನ್ನು ಹುಡುಕಿಕೊಡಿ ಎಂದು ಗಂಟುಬಿದ್ದರು. ಶಕ್ತಿ ಇಲ್ಲವೆಂದು ಎಷ್ಟು ಹೇಳಿದರೂ ಕೇಳಲೊಲ್ಲರು. "ಆತ್ರಿ, ಹುಡಕತೀನಿ," ಎಂದರು ಶರೀಫರು ಬೇಸತ್ತು. "ಒಯ್ದಾಂವನ್ನ ಕರಕೊಂಡ ಬರ್ರಿ. ಅವನ ಕೈ ಹಿಡದ್ರ ಸೀದಾ ಛತ್ರಿ ಹತ್ರ ಹೋಗತೀನಿ."

ಇಂಥವರು ಬರಹಗಾರರೂ ಆದದ್ದು ವಿನೋದಿನಿಯ ದೆಸೆಯಿಂದ. ಸಂಘದ ಮಾಸಪತ್ರಿಕೆಗೆ ಏನಾದರೂ ಬರೆಯಿರಿ ಎಂದು ಅವಳು ಬೆನ್ನು ಹತ್ತಿದಾಗ, "ಬರಿಯಾಕ ಕುಂತ್ರ ನನ್ನ ಕೈ ಬಿಗೀ ಆಗ್ತದವಾ, ಸಡಿಲ ಬಿಡೂದಿಲ್ಲ" ಎಂದು ಅವರು ತಪ್ಪಿಸಿಕೊಳ್ಳಲು ನೋಡಿದರು. ಸರಿ, ಹೇಳಿ, ಬರೆದುಕೊಳ್ಳುತ್ತೇನೆ ಎಂದಳು. ಹೀಗೆ ಭಾನುವಾರದ ಮಧ್ಯಾಹ್ನಗಳಲ್ಲಿ, ಬಳೆಯ ಪೆಟ್ಟಿಗೆಗಳ ನಡುವೆ ಸ್ಟೂಲು ಹಾಕಿಕೊಂಡು ಅವಳು ಬರೆದ ಲೇಖನಗಳು 'ಕೈಯ ಮಾತು' ಎಂಬ ಹೆಸರಿನಲ್ಲಿ ತಿಂಗಳು ತಿಂಗಳು ಬಂದು, ಆಮೇಲೆ ಅದೇ ಹೆಸರಿನ ಪುಟ್ಟ ಪುಸ್ತಕವೂ ಆದವು. ಶರೀಫರು "ಕೈ ಥರಗುಟ್ಟತದ" ಎಂದರೆ ಟೀಚರು "ಸ್ನಾಯುಗಳ ಸೂಕ್ಷ್ಮ ಕಂಪನ" ಎಂದು ಬರೆಯುವಳು. ಓದಿ ಹೇಳಿದರೆ ಅವರು ಗಡ್ಡ ನೀವಿಕೊಂಡು, "ಇದು ನಾ ಅಂದದ್ದಲ್ಲ. ಆದರ ಚಂದ ಅದ, ಇರ್ಲಿ," ಎನ್ನುವರು.

ವಿಚಿತ್ರವೆಂದರೆ ಆ ಪುಸ್ತಕದಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ಹೇಗೆ ಹಿಡಿಯಬೇಕು, ಎಲ್ಲಿ ನಿಲ್ಲಬೇಕು, ಕೈ ಎಲ್ಲಿ ತಡೆಯುತ್ತದೆ, ಎಲ್ಲಿ ಬಿಡುತ್ತದೆ, ಎಲ್ಲ. "ವಸ್ತು ಇರುವ ಕಡೆಗೆ ಕೈ ಹೋಗುತ್ತದೆಂದು ತಿಳಿಯಬೇಡಿ; ಮನಸ್ಸು ಇರುವ ಕಡೆಗೆ ಹೋಗುತ್ತದೆ. ಸಾಮಾನ್ಯವಾಗಿ ಎರಡೂ ಒಂದೇ ಜಾಗದಲ್ಲಿರುವುದರಿಂದ ನನ್ನ ಹೊಟ್ಟೆ ನಡೆಯುತ್ತಿದೆ," ಎಂಬ ಮಾತು ಅದರಲ್ಲಿದೆ. "ಬಚ್ಚಿಟ್ಟವನಿಗೆ ಅದು ಸಿಗಲಿ ಎಂಬ ಆಸೆಯೂ ಒಳಗೊಳಗೇ ಇರುತ್ತದೆ. ಆ ಆಸೆ ಇಲ್ಲದಿದ್ದರೆ ನನ್ನ ವಿದ್ಯೆಯೂ ಇಲ್ಲ," ಎಂಬುದು ಇನ್ನೊಂದು. ಗುಟ್ಟು ಬಿಟ್ಟುಕೊಟ್ಟರೆ ಆಟ ನೋಡುವವರು ಯಾರು ಎಂದು ಬೇರೆ ಜಾದೂಗಾರರು ಹಲ್ಲು ಕಡಿದರು. ಆದದ್ದು ತಿರುಗಮುರುಗ. ಪುಸ್ತಕ ಓದಿದವರು ತಮ್ಮ ತಮ್ಮ ಹೆಂಡತಿಯರ ಕೈ ಹಿಡಿದು ಮನೆಯಲ್ಲೆಲ್ಲ ತಿರುಗಿ, ಸಕ್ಕರೆ ಡಬ್ಬಿಯನ್ನೂ ಕಂಡುಹಿಡಿಯಲಾರದೆ ಸೋತು, ಮುಂದಿನ ಶನಿವಾರ ಎರಡು ಪಟ್ಟು ಭಕ್ತಿಯಿಂದ ಮುಂದಿನ ಸಾಲಿಗೆ ಬಂದು ಕೂತರು.

ಎಪ್ಪತ್ತಮೂರರ ಮಳೆಗಾಲ ಮುಗಿಯುತ್ತಿದ್ದಂತೆ ವಿನೋದಿನಿಗೆ ಗಂಡು ನಿಶ್ಚಯವಾಯಿತು. ಘಾಟ್ಕೋಪರಿನ ರಮಾನಾಥ ಸುವರ್ಣರ ಮಗ. ಹುಡುಗ ಕೆಟ್ಟವನಲ್ಲ, ಅವಳಿಗೆ ಅವನು ಬೇಡ, ಶಾಲೆಯ ಕೆಲಸ ಬಿಟ್ಟು ಅವರ ಮನೆಯಲ್ಲಿ ಕೂರುವುದಂತೂ ಬೇಡವೇ ಬೇಡ. ಆದರೆ ಹೇಳುವುದು ಯಾರಿಗೆ? ಅಣ್ಣು ಕೋಟ್ಯಾನರು ಊರಿಂದ ಬರಿಗೈಯಲ್ಲಿ ಬಂದ ಕಾಲಕ್ಕೆ ತಮ್ಮ ಹೋಟೆಲಿನ ಮೇಜಿನ ಮೇಲೆ ಮಲಗಲು ಜಾಗ ಕೊಟ್ಟವರು ಇದೇ ರಮಾನಾಥರು. ಇವತ್ತಿಗೂ ಅಣ್ಣು ಅವರನ್ನು ಧಣಿ ಎಂದೇ ಕರೆಯುತ್ತಿದ್ದರು. ಧಣಿ ಬಾಯಿಬಿಟ್ಟು ಹೆಣ್ಣು ಕೇಳಿದ್ದರು, ಇವರು ಮಾತು ಕೊಟ್ಟುಬಿಟ್ಟಿದ್ದರು. ಮಗಳನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ವಿನೋದಿನಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಒಂದೇ ಗದರಿಕೆಗೆ ಕೂರಿಸುವವಳು ಅಪ್ಪನ ಮುಂದೆ ಗೋಡೆ ನೋಡಿಕೊಂಡು ನಿಂತಳು.

ನಿಶ್ಚಿತಾರ್ಥಕ್ಕೆ ಬಳೆ ಇಡಿಸಲು ವಾರಿಜಾ ಶರೀಫರನ್ನು ಮನೆಗೇ ಕರೆಸಿದಳು. ಶರೀಫರು ಚಾಪೆಯ ಮೇಲೆ ಕೂತು, ತೋಳು ಮಡಿಸಿ, ಕರವಸ್ತ್ರದಲ್ಲಿ ಅಂಗೈ ಒರೆಸಿ, ವಿನೋದಿನಿಯ ಕೈ ಹಿಡಿದರು. ವರ್ಷಗಳಿಂದ ಬಲ್ಲ ಕೈ, ಬಲ್ಲ ಅಳತೆ. ಆದರೆ ಹಸಿರು ಬಳೆ ಗೆಣ್ಣಿನ ಹತ್ತಿರ ಬಂದು ನಿಂತುಬಿಟ್ಟಿತು. "ಸಡಿಲ ಬಿಡವಾ," ಎಂದರು. ಅವಳು ಬಿಟ್ಟೆನೆಂದುಕೊಂಡಳು, ಕೈ ಬಿಡಲಿಲ್ಲ. ಸಾಬೂನು ಹಚ್ಚಿದರೂ ಬಿಡಲಿಲ್ಲ. ಇನ್ನೊಂದು ಚೂರು ಒತ್ತಿದ್ದರೆ ಬಳೆ ಒಡೆಯುತ್ತಿತ್ತು. ಶರೀಫರು ಒತ್ತಲಿಲ್ಲ. ಮೆಲ್ಲಗೆ ಹಿಂದಕ್ಕೆ ತೆಗೆದು, ಅವಳ ಮುಖವನ್ನೂ ನೋಡದೆ, "ಈ ಮಾಲ್ ಸಣ್ಣ ಬಂದದ್ರಿ ಅಮ್ಮಾರ, ಬ್ಯಾರೇ ಸೈಜ್ ತರಸ್ತೀನಿ. ಮುಂದಿನ ವಾರ ನೋಡೂಣು," ಎಂದು ಪೆಟ್ಟಿಗೆ ಮುಚ್ಚಿ ಎದ್ದರು.

ವಿನೋದಿನಿ ಜಿನೆಯ ಮೆಟ್ಟಿಲಲ್ಲಿ ಅವರನ್ನು ಅಡ್ಡಗಟ್ಟಿದಳು.

"ನಿಮಗೆ ಗೊತ್ತಾಯಿತಲ್ಲ?"

ಶರೀಫರು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

"ಹಾಗಾದರೆ ಅಪ್ಪನಿಗೆ ಒಂದು ಮಾತು ಹೇಳಿ. ನೀವು ಹೇಳಿದರೆ ನಂಬುತ್ತಾರೆ. ನಿಮಗೆ ದೈವ ಒಲಿದಿದೆ ಅಂತಲೇ ಅವರ ಲೆಕ್ಕ."

"ಕೈ ಹೇಳಿದ್ದನ್ನ ಬಾಯಿ ಹೇಳಬಾರದವಾ," ಎಂದರು ಅವರು. "ನಮ್ಮವ್ವ ಎಷ್ಟ ಊರಿನ ಹೆಣ್ಣಮಕ್ಕಳ ಕೈ ಹಿಡದಾಳ, ಏನೇನ ತಿಳದಿತ್ತೋ ಅಕೀಗೆ. ಒಂದ ಮಾತು ಹೊರಗ ಬಿದ್ದಿದ್ರ ಮರುದಿನ ಯಾರೂ ಕೈ ಕೊಡತಿದ್ದಿಲ್ಲ. ಬಾಯಿ ಬಿಟ್ರ ಬಣ್ಣಗೇಡು. ನಿಂದು ನೀನ ಹೇಳಬೇಕು."

"ನನಗೆ ಆಗುದಿಲ್ಲ."

"ಆಗ್ತದ. ಸಡಿಲ ಬಿಡು."

ಅವಳಿಗೆ ಉರಿದುಹೋಯಿತು. ಸಭೆಯಲ್ಲಿ ಸೂಜಿ ಹುಡುಕಿ ಚಪ್ಪಾಳೆ ಹೊಡೆಸಿಕೊಳ್ಳುವ ವಿದ್ಯೆ ಒಬ್ಬ ಹುಡುಗಿಯ ಬದುಕಿಗೆ ಒದಗದಿದ್ದರೆ ಅದನ್ನು ಸುಡಬೇಕು! "ಇನ್ನು ನಿಮ್ಮ ಲೇಖನ ನೀವೇ ಬರೆದುಕೊಳ್ಳಿ," ಎಂದು ಸಿಟ್ಟಿನಿಂದ ಹೇಳಿ ಮೆಟ್ಟಿಲು ಹತ್ತಿದಳು. ಶರೀಫರು ಎಡಕ್ಕೆ ವಾಲಿಕೊಂಡು ಇಳಿದುಹೋದರು. ಆ ಭಾನುವಾರ ಅಂಗಡಿಯ ಸ್ಟೂಲು ಖಾಲಿಯಿತ್ತು.

ನಿಶ್ಚಿತಾರ್ಥಕ್ಕೆ ಮುಂಚಿನ ಶನಿವಾರ ಸಂಘದ ವಾರ್ಷಿಕೋತ್ಸವ. ಉಪಾಧ್ಯಕ್ಷರು ಅಣ್ಣು ಕೋಟ್ಯಾನರೇ. ಮುಂದಿನ ಸಾಲಿನಲ್ಲಿ ರೇಷ್ಮೆ ಶಾಲು ಹೊದ್ದ ರಮಾನಾಥರು. ಎಡಗಡೆಯ ಹೆಂಗಸರ ಸಾಲುಗಳಲ್ಲಿ, ನಡುವಿನ ಓಣಿಯಂಚಿಗೆ, ವಿನೋದಿನಿ. ಬರುವುದಿಲ್ಲವೆಂದು ಹಟ ಹಿಡಿದವಳನ್ನು ತಾಯಿ ಎಳೆದು ತಂದಿದ್ದಳು. ಶರೀಫರು ತೋಳು ಮಡಿಸಿ, ಮಾಟ ಮಂತ್ರ ಬರುವುದಿಲ್ಲವೆಂದು ಹೇಳಿಯಾದ ಮೇಲೆ, ಪ್ರತಿ ಸಲದ ತಮ್ಮ ಪಂಥವನ್ನೂ ಕಟ್ಟಿದರು: "ಸೋತ್ರ, ಈ ಸಭಾದಾಗಿನ ಹೆಣ್ಣಮಕ್ಕಳಿಗೆಲ್ಲ ಕೈತುಂಬ ಬಳಿ ಇಡತೀನಿ. ಪುಕಟ!" ಅವರು ಎಂದೂ ಸೋತವರಲ್ಲವಾದ್ದರಿಂದ ಆ ಮಾತಿಗೆ ಹೆಂಗಸರೆಲ್ಲ ಅಭ್ಯಾಸದಂತೆ ನಿಟ್ಟುಸಿರಿಟ್ಟು ನಕ್ಕರು.

ಬಚ್ಚಿಡುವ ಸರದಿ ಆ ದಿನ ಉಪಾಧ್ಯಕ್ಷರದು. ಅಣ್ಣು ಬಹಳ ಗೆಲುವಿನಲ್ಲಿದ್ದಂತೆ ಕಂಡರು. ಅಳಿಯನಿಗೆಂದು ಮಾಡಿಸಿದ ಉಂಗುರವನ್ನು ಕಿಸೆಯಿಂದ ತೆಗೆದು, ಇಡೀ ಸಭೆಗೆ ತೋರಿಸಿ, ನೇರ ಹೋಗಿ ರಮಾನಾಥರ ಕೋಟಿನ ಕಿಸೆಗೆ ಹಾಕಿದರು. ಸಂಬಂಧವನ್ನು ಊರಿಗೆ ಸಾರುವ ಉಪಾಯ. ಭಲೇ ಭಲೇ ಎಂದಿತು ಸಭೆ. ವಿನೋದಿನಿ ತಲೆ ತಗ್ಗಿಸಿದಳು.

ಸುಗರಾಳ ಕರಿಯ ಓಢಣಿಯಿಂದ ಕಣ್ಣು ಕಟ್ಟಿಕೊಂಡು ಶರೀಫರು ಒಳಗೆ ಬಂದರು. ಅಣ್ಣುವಿನ ಮಣಿಕಟ್ಟು ಹಿಡಿದು, "ಸಡಿಲ ಬಿಡ್ರಿ ಯಜಮಾನ್ರ," ಎಂದರು. ಇಬ್ಬರೂ ವೇದಿಕೆಯಿಂದ ಇಳಿದು ಮುಂದಿನ ಸಾಲಿನ ಕಡೆಗೆ ಹೊರಟರು. ಇನ್ನೇನು ನಾಲ್ಕು ಹೆಜ್ಜೆ. ರಮಾನಾಥರು ಆಗಲೇ ನಗಲು ಸಿದ್ಧರಾಗಿ ಕಾಲು ಸರಿಸಿ ಕೂತರು. ಅಲ್ಲಿ ಶರೀಫರು ನಿಂತರು. ಕತ್ತು ಓರೆಮಾಡಿ ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ಕ್ಷಣ ತಡೆದು, ಎಡಕ್ಕೆ ತಿರುಗಿದರು. ಸಭೆಯಲ್ಲಿ ಗುಸುಗುಸು. ಹೆಂಗಸರ ಸಾಲುಗಳ ಪಕ್ಕದ ಓಣಿಯಲ್ಲಿ ಅವರು ಬರುತ್ತಿದ್ದರೆ, ಅಣ್ಣು ಜೊತೆಗೆ ಬರುತ್ತಿದ್ದರು; ಆದರೆ ಅವರ ಮುಖದ ಗೆಲುವು ಹೆಜ್ಜೆ ಹೆಜ್ಜೆಗೂ ಇಳಿಯುತ್ತಿತ್ತು. ವಿನೋದಿನಿ ತಲೆಯೆತ್ತಿದಾಗ ಎದುರಿಗೇ ಆ ಕರಿಯ ಕೋಟು. ಶರೀಫರು ಕೈ ಚಾಚಿ ಅವಳ ಕುರ್ಚಿಯ ಬೆನ್ನು ಮುಟ್ಟಿದರು.

"ಇಲ್ಲೇ ಅದ," ಎಂದರು.

ಅಣ್ಣು ಮಗಳನ್ನು ನೋಡಿದರು. ಎಷ್ಟೋ ದಿನಗಳಿಂದ ಅವರು ಅವಳನ್ನು ನೆಟ್ಟಗೆ ನೋಡಿರಲಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. "ಇಲ್ಲ," ಎಂದರು ಕೊನೆಗೆ. "ಇಲ್ಲಿ ಇಲ್ಲ."

ಶರೀಫರು ಕಣ್ಣಿನ ಕಟ್ಟು ಬಿಚ್ಚಿದರು. ಎದುರಿಗೆ ಕೂತವಳು ಯಾರೆಂದು ನೋಡಿದರು, ತಾವು ಕೈ ಹಿಡಿದವರ ಮುಖ ನೋಡಿದರು. ಆಮೇಲೆ ಅಣ್ಣುವಿನ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಬಿಟ್ಟು, ಸಭೆಯ ಕಡೆ ತಿರುಗಿ, ಎರಡೂ ಕೈ ಜೋಡಿಸಿದರು.

"ಸೋತೀನ್ರಿ. ನನ್ನ ತಪ್ಪು. ನಾಳೆ ಅಂಗಡಿಗೆ ಬರ್ರಿ, ಎಲ್ಲಾರೂ!"

ಸಭೆ ಒಂದು ಸಲ ದಂಗಾಗಿ, ಮರುಕ್ಷಣ ಹೋ ಎಂದಿತು. ಅಷ್ಟು ಜೋರಿನ ಚಪ್ಪಾಳೆ ಅವರು ಗೆದ್ದಾಗಲೂ ಬಿದ್ದಿರಲಿಲ್ಲ, ಹೊಡೆದವರೆಲ್ಲ ಹೆಂಗಸರು. ಪರದೆಯ ಹಿಂದಿನಿಂದ ಸುಗರಾ, "ಯಾ ಅಲ್ಲಾ! ಇತ್ತೇ ಹಾತಾಂ! ಇಷ್ಟೊಂದು ಕೈ!" ಎಂದು ಹಣೆ ಚಚ್ಚಿಕೊಂಡದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಆ ಗದ್ದಲದ ನಡುವೆ ನಗದೆ ಉಳಿದವರು ಮೂವರು: ವಿನೋದಿನಿ, ಅವಳ ಅಪ್ಪ, ಮತ್ತು ಉಂಗುರವನ್ನು ಕಿಸೆಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ ರಮಾನಾಥ ಸುವರ್ಣರು.

ಮರುದಿನ ಬೆಳಿಗ್ಗೆ ರಮಾನಾಥರು ಘಾಟ್ಕೋಪರಿನಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಬದಲಿಸಿ, ವಡಾಲದ ಹೋಟೆಲಿಗೆ ಬಂದರು. ಭಾನುವಾರಗಳಂದು ಬೆಳಿಗ್ಗೆ ಹಣದ ಗಲ್ಲೆಯಲ್ಲಿ ಕೂರುತ್ತಿದ್ದ ವಿನೋದಿನಿ ಅವರನ್ನು ಕಂಡು ಎದ್ದು ನಿಂತಳು. ಅವರು ಚಹಾ ತರಿಸಿಕೊಂಡು, ಬಸಿಗೆ ಬಗ್ಗಿಸಿ, ಆರಿಸಿ, ಕುಡಿದು ಮುಗಿಸಿದರು. ಅಣ್ಣು ಎದುರಿಗೆ ಕೈ ಕಟ್ಟಿಕೊಂಡು ನಿಂತಿದ್ದರು.

"ಅಣ್ಣು, ಉಂಗುರ ಇದ್ದದ್ದು ನನ್ನ ಕಿಸೆಯಲ್ಲಿ."

"ಹೌದು ಧಣಿ."

"ನಿನ್ನ ಕೈ ನನ್ನ ಹತ್ತಿರ ಬರಲೇ ಇಲ್ಲವಲ್ಲ ಮಾರಾಯ."

ಅಣ್ಣು ಒರೆಸಿದ ಮೇಜನ್ನೇ ಹೆಗಲ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದರು.

"ಆ ಸಾಯ್ಬರ ಪುಸ್ತಕ ನಾನೂ ಓದಿದ್ದೇನೆ. ವಸ್ತು ಇದ್ದಲ್ಲಿಗೆ ಅಲ್ಲ, ಮನಸ್ಸು ಇದ್ದಲ್ಲಿಗೆ ಕೈ ಹೋಗುದು ಅಂತ ಬರೆದಿದ್ದಾರೆ. ನಿನ್ನೆ ರಾತ್ರಿ ಪುನಃ ತೆಗೆದು ನೋಡಿದೆ, ಉಂಟು." ರಮಾನಾಥರು ಉಂಗುರವನ್ನು ಮೇಜಿನ ಮೇಲಿಟ್ಟರು. "ಹುಡುಗಿಯನ್ನು ಕೇಳಿದ್ದೀಯಾ ನೀನು?"

"ಎರಡು ವಾರದಿಂದ ಅವಳ ಮುಖ ನೋಡ್ಲಿಕ್ಕೆ ಆಗುದಿಲ್ಲ ಧಣಿ," ಎಂದರು ಅಣ್ಣು. ದೊಡ್ಡ ಗಂಡಸು, ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ನಿಮಗೆ ಕೊಟ್ಟ ಮಾತು. ಮೀರುದು ಹೇಗೆ?"

"ನನ್ನ ಮೇಜಿನ ಮೇಲೆ ನಾಲ್ಕು ದಿನ ಮಲಗಿದ್ದಕ್ಕೆ ಮಗಳನ್ನು ಬಾಡಿಗೆಯಾಗಿ ಕೇಳುವಷ್ಟು ಬಡವನಾಗಿಲ್ಲ ನಾನು. ಕೇಳು ಅವಳನ್ನು. ಈಗಲೇ ಕೇಳು."

ಅಣ್ಣು ಗಲ್ಲೆಯ ಕಡೆ ತಿರುಗಿದರು. ವಿನೋದಿನಿ ಗಲ್ಲೆಯ ಮರವನ್ನು ಬಿಗಿಯಾಗಿ ಹಿಡಿದಿದ್ದಳು. ಯಾರೋ ಹೇಳಿದಂತಾಗಿ ಬೆರಳುಗಳನ್ನು ಒಂದೊಂದಾಗಿ ಸಡಿಲ ಬಿಟ್ಟಳು.

"ನನಗೆ ಬೇಡ ಅಪ್ಪಾ," ಎಂದಳು.

ಇಷ್ಟೇ ಮಾತು. ಆಕಾಶ ಕೆಳಗೆ ಬೀಳಲಿಲ್ಲ. ಒಳಗಿನಿಂದ ಯಾರೋ ಎರಡು ಇಡ್ಲಿ ಒಂದು ವಡೆ ಎಂದು ಕೂಗಿದರು. ರಮಾನಾಥರು ಎದ್ದು, ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು, "ಬಾಯಿ ಉಂಟಲ್ಲ ನಿನಗೆ, ಮೊದಲೇ ಹೇಳಿದ್ದರೆ ನನಗೆ ಎರಡು ಟ್ರೇನು ಉಳಿಯುತ್ತಿತ್ತು," ಎಂದು ಹ್ಞೂಂಕರಿಸಿ ನಡೆದರು.

ಎದುರಿನ ಅಂಗಡಿಯ ಮುಂದೆ ಅಷ್ಟು ಹೊತ್ತಿಗೆ ಜಾತ್ರೆ. ವಡಾಲದ ಕನ್ನಡ ಹೆಂಗಸರೆಲ್ಲ ಅಲ್ಲಿದ್ದರು. ಸಭೆಗೆ ಬಾರದ ಮರಾಠಿಯವರೂ ಕೆಲವರು ಸೋಲಿನ ಸುದ್ದಿ ಕೇಳಿ ಸಾಲಿನಲ್ಲಿ ಸೇರಿಕೊಂಡಿದ್ದರು. ಸುಗರಾ ಒಬ್ಬೊಬ್ಬರಿಗೂ ಬಯ್ಯುತ್ತ ಒಬ್ಬೊಬ್ಬರಿಗೂ ಒಂದೊಂದು ಬಳೆ ಹೆಚ್ಚೇ ಕೊಡುತ್ತಿದ್ದಳು. ಶರೀಫರು ತೋಳು ಮಡಿಸಿ ಕೂತು, "ಸಡಿಲ ಬಿಡ್ರಿ, ಸಡಿಲ ಬಿಡ್ರಿ" ಎನ್ನುತ್ತ, ಬಹು ದಿನದ ಮೇಲೆ ಮೆರವಣಿಗೆ ಹೊರಟ ಬ್ಯಾಂಡ್ ಮಾಸ್ತರನ ಹಾಗೆ ಹುರುಪಿನಲ್ಲಿದ್ದರು. ವಿನೋದಿನಿ ಸರದಿ ಕಾದು ಮುಂದೆ ಬಂದು ಕೈ ಕೊಟ್ಟಳು. ಅದೇ ಅಳತೆಯ ಅದೇ ಹಸಿರು ಬಳೆಗಳು. ಸಾಬೂನಿಲ್ಲದೆ, ಒಂದರ ಹಿಂದೊಂದು, ಜರ್ರನೆ ಇಳಿದವು.

"ಮಾಲ್ ದೊಡ್ಡದಾಯಿತೇ?" ಎಂದು ಅವಳು ಕೇಳಿದಳು.

"ದೊಡ್ಡದಾತು ನೋಡವಾ," ಎಂದರು ಶರೀಫರು ಗಂಭೀರವಾಗಿ.

"ನಿನ್ನೆ ನೀವು ಬೇಕೆಂದೇ ನನ್ನ ಹತ್ತಿರ ಬಂದಿರಾ?"

"ಕಣ್ಣ ಕಟ್ಟಿತ್ತಲ್ಲ. ನೀ ಎಲ್ಲಿ ಕುಂತೀದಿ ಅಂತ ನನಗೇನ ಗೊತ್ತು? ನಿಮ್ಮಪ್ಪನ ಕೈ ಹೊಂಟಿತು, ನಾ ಅದರ ಹಿಂದ ಹೊಂಟೆ."

"ಹಾಗಾದರೆ ನೀವು ಸೋಲಲೇ ಇಲ್ಲ. ಮತ್ತೆ ಸೋತೆ ಅಂತ ಯಾಕೆ ಅಂದಿರಿ?"

ಶರೀಫರು ಕೊನೆಯ ಬಳೆಯನ್ನು ಸರಿಪಡಿಸಿದರು. "ಗೆದ್ದೀನಿ ಅಂದಿದ್ರ, ನಿಮ್ಮಪ್ಪನ ಕೈ ಹೇಳಿದ್ದನ್ನ ನಾ ಬಾಯಿಲೆ ಹೇಳಿದಂಗ ಆಗತಿತ್ತು," ಎಂದು ಹೇಳಿ, ಅವಳ ಹಿಂದಿದ್ದ ಮುದುಕಿಗೆ ಕೈ ಚಾಚಿದರು.

ವಿನೋದಿನಿ ಒಳಗೆ ಹೋಗಿ ಸ್ಟೂಲು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಆ ತಿಂಗಳ 'ಕೈಯ ಮಾತು' ಅಂಕಣದ ವಿಷಯ ಸೋಲು. ಮುಂದಿನ ವರ್ಷದ ಹ್ಯಾಂಡ್‌ಬಿಲ್ಲಿನಲ್ಲಿ ಹೆಸರಿನ ಕೆಳಗೆ 'ಒಂದೇ ಸಲ ಸೋತವರು' ಎಂದು ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ಶರೀಫರೇ ಹಟ ಹಿಡಿದರು. ಅದನ್ನು ಓದಿ ಜನ ಇನ್ನಷ್ಟು ಬಂದರು. ಹೆಂಗಸರಂತೂ ಎರಡನೆಯ ಸೋಲಿಗಾಗಿ ಬಹಳ ವರ್ಷ ಕಾದರು, ಪಾಪ.

ಮನಸ್ಸನ್ನು ಓದಬಲ್ಲವರಿಗೆ ಈ ಲೋಕದಲ್ಲಿ ಬರಗಾಲವೇನಿಲ್ಲ. ಪ್ರತಿ ಮನೆಯಲ್ಲೂ ಒಬ್ಬ ಅತ್ತೆಯೋ ಭಾವನೋ, ಪ್ರತಿ ಕಚೇರಿಯಲ್ಲೂ ಒಬ್ಬ ಗುಮಾಸ್ತನೋ ಆ ಕಲೆಯಲ್ಲಿ ಪಾರಂಗತರಾಗಿಯೇ ಇರುತ್ತಾರೆ. ಓದಿದ್ದನ್ನು ಊರಿಗೆಲ್ಲ ಗಟ್ಟಿಯಾಗಿ ಓದಿ ಹೇಳುವುದರಲ್ಲೇ ಅವರ ಬಾಳು ಸಾರ್ಥಕ. ಓದಿದ್ದನ್ನು ಮಡಿಸಿ ತಮ್ಮೊಳಗಿಟ್ಟುಕೊಂಡು, ಅದು ನಮ್ಮ ಬಾಯಿಂದಲೇ ಹೊರಬರುವ ತನಕ ಮಣಿಕಟ್ಟು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುವವರು, ಅದಕ್ಕಾಗಿ ತುಂಬಿದ ಸಭೆಯಲ್ಲಿ ಸೋತೆ ಎಂದು ಕೈ ಮುಗಿಯಲೂ ಹಿಂಜರಿಯದವರು, ಎಲ್ಲೋ ಒಂದು ಮಾರ್ಕೆಟ್ಟಿನ ಮೂಲೆಯಲ್ಲಿ ಒಬ್ಬರು ಸಿಕ್ಕಿದರೆ ಹೆಚ್ಚು. ಅಂಥವರ ಎದುರಿಗೆ ಕೂತಾಗ, ಕೇಳುವ ಮೊದಲೇ ನಾವು ಕೈ ಚಾಚಿರುತ್ತೇವೆ.